ಉಪವಾಸ ಕೂತ ಜಡ್ಜ್ ಸಾಹೇಬರು

"ಹೊಟ್ಟೆಗೆ ಹಾಕದೆ ಕೂಡಿಹಾಕಿದರೆ ಎಂಥ ಜೂರಿಯೂ ಸಂಜೆಯೊಳಗೆ ನನ್ನ ದಾರಿಗೆ ಬರುತ್ತೆ, ವಕೀಲರೇ" ಎಂದು ಜಡ್ಜ್ ಹಾರ್ಗ್ರೇವ್ ಜಂಬ ಕೊಚ್ಚಿದರು.

ಅಮೆರಿಕ ಆಗಷ್ಟೇ ಸ್ವತಂತ್ರವಾಗಿದ್ದ ಕಾಲ. ಜೂರಿ ಅಂದರೆ ತೀರ್ಪು ಹೇಳಲು ಕೂರಿಸಿದ ಊರಿನ ಹನ್ನೆರಡು ಜನ. ಅವರ ತೀರ್ಪನ್ನು ಜಡ್ಜು ಒಪ್ಪುವ ತನಕ ಅವರ ಕೋಣೆಗೆ ರೊಟ್ಟಿಯಿಲ್ಲ, ಬೆಂಕಿಯಿಲ್ಲ. ಅಲ್ಲಿನ ಪದ್ಧತಿಯೇ ಹಾಗೆ.

ಕಟಕಟೆಯಲ್ಲಿದ್ದವನು ಕಮ್ಮಾರ ಕೇಲೆಬ್. ಭಾನುವಾರ ದೇವರ ದಿನ, ಕುದುರೆಗೆ ಲಾಳ ಕಟ್ಟೋದಿಲ್ಲ ಅಂತ ಸಾಹೇಬರಿಗೇ ಹೇಳಿಬಿಟ್ಟಿದ್ದ ಪುಣ್ಯಾತ್ಮ. ಅದಕ್ಕೇ ಜಡ್ಜಿಗೆ ಅವಮಾನ ಮಾಡಿದ ಅಂತ ಕೇಸು. ಜೈಲಾದರೆ ಕುಲುಮೆ ಮುಚ್ಚಬೇಕು, ತುಂಬು ಬಸುರಿ ಹೆಂಡತಿ ಬೀದಿಪಾಲು. ಜೂರಿಗಳು ಬೆಳಗ್ಗೆಯೇ "ನಿರಪರಾಧಿ" ಅಂದಿದ್ದರು. ಸಾಹೇಬರು "ಸರಿಯಾಗಿ ಯೋಚಿಸಿ" ಅಂತ ವಾಪಸ್ಸು ಅಟ್ಟಿದ್ದರು.

ಕೇಲೆಬ್‌ನ ವಕೀಲ ಎಜ್ರಾ ವಿಟ್ಕಂಬ್. ಯುದ್ಧದಲ್ಲಿ ಕ್ಯಾಪ್ಟನ್ ಆಗಿದ್ದವನು, ಈಗ ರಾಜ್ಯದ ಶಾಸನಸಭೆಯ ಸದಸ್ಯ. ಅವನಿಗೆ ಒಳಗೊಳಗೇ ಸಿಟ್ಟು ಬಂತು, ಮುಖದಲ್ಲಿ ಮಾತ್ರ ತೋರಗೊಡಲಿಲ್ಲ.

"ಕೂಡಿಹಾಕಿ ಸ್ವಾಮಿ. ಆದರೆ ಕಾವಲಿಗೆ ಯಾರು?"

"ಜವಾನ ಇದ್ದಾನಲ್ಲ."

"ಅವನು ರೊಟ್ಟಿ ಚೂರು ದಾಟಿಸಿದ ಅಂತ ಯಾರಾದರೂ ಗುಲ್ಲೆಬ್ಬಿಸಿದರೆ ತಮ್ಮ ತೀರ್ಪೇ ಬಿದ್ದುಹೋಗುತ್ತೆ. ಊರು ಕಣ್ಮುಚ್ಚಿ ನಂಬೋದು ತಮ್ಮೊಬ್ಬರನ್ನೇ."

ಸಾಹೇಬರು ಉಬ್ಬಿಹೋದರು. "ಸರಿ, ನಾನೇ ಕೂರ್ತೀನಿ. ನನ್ನ ಊಟ ಇಲ್ಲಿಗೇ ತರಿಸು."

"ಅಯ್ಯೋ, ಜೂರಿ ಬಾಗಿಲಲ್ಲಿ ತಟ್ಟೆ ಕಂಡರೆ ಜನ ಏನಂದಾರು ಸ್ವಾಮಿ?"

ತುಂಬಿದ ಕೋರ್ಟು ನೋಡುತ್ತಿತ್ತು. ಸಾಹೇಬರು ಜೂರಿ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡರು.

ಮಧ್ಯಾಹ್ನ ಕಳೆಯಿತು. ಎದುರಿನ ಹೋಟೆಲಿನಿಂದ ಹಂದಿಮಾಂಸ ಹುರಿಯುವ ಘಮ ತೇಲಿಬಂತು. ಅದೂ ಎಜ್ರಾನದೇ ಏರ್ಪಾಡು ಅನ್ನಿ. ಸಾಹೇಬರು ಎದ್ದರು, ಕೂತರು, ಬೆವರೊರೆಸಿಕೊಂಡರು. ಒಳಗೆ ಜೂರಿಗಳು ಹಾಡು ಹೇಳುತ್ತಿದ್ದರು. ಹೊತ್ತು ಮುಳುಗುವ ಮೊದಲೇ ಸಾಹೇಬರು ಬಾಗಿಲು ಗುದ್ದಿದರು.

"ನಿಮ್ಮ ತೀರ್ಪು ಏನ್ರಯ್ಯಾ?"

"ನಿರಪರಾಧಿ."

"ಆಗಲಿ, ಒಪ್ಪಿದ್ದೀನಿ. ಹೋಗ್ರಿ, ಹೋಗಿ."

ಕೇಲೆಬ್ ಕಣ್ಣೊರೆಸಿಕೊಳ್ಳುತ್ತ ಮನೆ ಕಡೆ ಓಡಿದ. ಸಾಹೇಬರು ಹೋಟೆಲಿನಲ್ಲಿ ಎರಡನೇ ತಟ್ಟೆ ಮುಗಿಸಿದ ಮೇಲಷ್ಟೇ ಎಜ್ರಾನತ್ತ ನೋಡಿದರು. "ನಿಜ ಹೇಳಯ್ಯಾ, ಆ ಹನ್ನೆರಡು ಜನಕ್ಕೆ ಹಸಿವೇ ಆಗಲಿಲ್ವೇ?"

"ಅವರೆಲ್ಲ ಯುದ್ಧದಲ್ಲಿ ನನ್ನ ದಳದವರು ಸ್ವಾಮಿ. ಒಂದು ಚಳಿಗಾಲ ಇಡೀ ಬೂಟಿನ ತೊಗಲು ಬೇಯಿಸಿ ತಿಂದವರು."

"ಹಸಿವು ಅವರಿಗೆ ಅಭ್ಯಾಸ ಅನ್ನು."

"ಅದಲ್ಲ ಸ್ವಾಮಿ. ಆ ತೊಗಲು ಬೇಯಿಸಿ ಬಡಿಸಿದವನು ನಾನು. ತಪ್ಪಿತಸ್ಥ ಅಂತ ತೀರ್ಪು ಕೊಟ್ಟರೆ, ಇವತ್ತಿನ ಊಟವೂ ನನ್ನ ಕೈಯದೇ ಅಂತ ಬೆಳಗ್ಗೆಯೇ ಹೇಳಿಟ್ಟಿದ್ದೆ."