ಬೊಟ್ಟವ್ವ, ಒರಸವ್ವ ಮತ್ತು ಕರುವಿನ ಮೊಣಕಾಲು

ಇದನ್ನು ಮೊದಲು ಹೇಳಿದವರು ದನಕರುಗಳಿಗೆ ಮದ್ದು ಕೊಡುತ್ತಿದ್ದ ಗುರುಬಸಜ್ಜ. ಕೇಳಿದ್ದನ್ನು ಕೇಳಿದ ಹಾಗೇ ಬರೆದಿದೆ.

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಶಿವನು ಮೊದಲ ಹಸುವಿಗೆ ಮೊದಲ ಕರುವನ್ನು ಕೊಟ್ಟು, ಆ ಕರುವಿನ ಮೈಯೊಳಗೆ ಲೆಕ್ಕವಿಲ್ಲದಷ್ಟು ಜೀವಕಣಗಳನ್ನು ಒಕ್ಕಲಿಟ್ಟ. ಅವನ್ನು ನೋಡಿಕೊಳ್ಳಲು ಇಬ್ಬರು ಅಕ್ಕತಂಗಿಯರನ್ನು ಕಳಿಸಿದ. ಅಕ್ಕ ಬೊಟ್ಟವ್ವ, ತಂಗಿ ಒರಸವ್ವ.

ಬೊಟ್ಟವ್ವ ಕಣದ ಹಣೆಗೆ ಕೆಂಪು ಬೊಟ್ಟಿಟ್ಟರೆ ಅದು ಎದ್ದು ಕೆಲಸಕ್ಕೆ ನಿಲ್ಲುತ್ತಿತ್ತು, ಒಂದಿದ್ದದ್ದು ಎರಡಾಗುತ್ತಿತ್ತು. ಒರಸವ್ವ ಸೆರಗಿನಿಂದ ಬೊಟ್ಟು ಒರೆಸಿದರೆ ಸುಮ್ಮನೆ ಮಲಗುತ್ತಿತ್ತು. ಅಕ್ಕ ಇಡುವುದು, ತಂಗಿ ಒರೆಸುವುದು. ಕರು ಹದವಾಗಿ ಬೆಳೆಯಿತು.

ಆದರೆ ಹಣೆಯ ಬೊಟ್ಟು ಅಳಿಸುವವಳು ಯಾರಿಗೆ ತಾನೆ ಹಿತ? ಬೆಳಗಾಗೆದ್ದು ಒರಸವ್ವನ ಮುಖ ನೋಡಬಾರದು ಎಂದು ಕಣಗಳು ಬೆನ್ನ ಹಿಂದೆ ಆಡಿಕೊಂಡವು. ಅವಳ ಕಿವಿಗೂ ಬಿತ್ತು. ಕೇಳಿಯೂ ಕೇಳದವಳಂತೆ ಇದ್ದಳು.

ಒಂದು ದಿನ ಕರು ಜಾಲಿಮುಳ್ಳಿಗೆ ಸಿಕ್ಕಿ ಮೊಣಕಾಲು ಹರಿದುಕೊಂಡಿತು. ಬೊಟ್ಟವ್ವ ಓಡಿಬಂದು ಗಾಯದ ಸುತ್ತಲಿನ ಕಣಗಳಿಗೆಲ್ಲ ಬೊಟ್ಟಿಟ್ಟಳು. ಹಿಂದೆಯೇ ಬಂದ ಒರಸವ್ವನಿಗೆ ಮೊಣಕಾಲಿನ ಹಿರಿಯ ಕಣ ತೊಗಲಪ್ಪ ಅಡ್ಡ ನಿಂತ.

“ಒಳಗೆ ಶುಭಕಾರ್ಯ ನಡೆದದೆ. ನೀನು ಹೊಸ್ತಿಲಾಚೆ ಇರವ್ವ.”

ಒರಸವ್ವ ಸೆರಗು ಸುತ್ತಿಕೊಂಡು ಹಿಂದೆ ಸರಿದಳು. ಹೊಸ್ತಿಲ ಹೊರಗೆ ಕೂತಳು.

ಗಾಯ ತುಂಬಿತು. ತುಂಬಿದ ಮೇಲೂ ಕಣಗಳು ನಿಲ್ಲಲಿಲ್ಲ. ಒಂದು ಎರಡಾಯಿತು, ಎರಡು ನಾಲ್ಕಾಯಿತು. ಮೊಣಕಾಲ ಮೇಲೆ ಗಡ್ಡೆ ಎದ್ದು, ಇಡೀ ಮೈಯ ಅನ್ನವನ್ನು ತಾನೇ ಉಂಡಿತು. ಕರು ಹಾಲು ಬಿಟ್ಟು ನೆಲ ಹಿಡಿಯಿತು. ಹಸು ನೆಕ್ಕಿ ನೆಕ್ಕಿ ಎಬ್ಬಿಸಿತು, ಏಳಲಿಲ್ಲ. ಅತ್ತ ಬಂದ ಗಾಳಿಯೂ ಕರುವನ್ನು ಮೂಸಿ ನೋಡಿ, ಇನ್ನು ಉಳಿಯುವುದು ಕಷ್ಟ ಎಂದು ಮುಂದೆ ಹೋಯಿತು.

ಹೊಸ್ತಿಲಾಚೆಯಿಂದಲೇ ಒರಸವ್ವ ಕೇಳಿದಳು: “ತೊಗಲಪ್ಪ, ಕರುವೇ ಹೋದಮೇಲೆ ನಿನ್ನ ಬೊಟ್ಟು ಯಾವ ಹಣೆ ಮೇಲಿರ್ತದೋ?”

ತೊಗಲಪ್ಪ ಹೊಸ್ತಿಲಿಂದ ಪಕ್ಕಕ್ಕೆ ಸರಿದ. ದುಡಿದು ದುಡಿದು ಅವನಿಗೂ ಕಣ್ಣು ಎಳೆಯುತ್ತಿತ್ತು. “ಬಾ ತಾಯಿ,” ಎಂದ. “ಮೊದಲು ನನ್ನದೇ ಒರೆಸು.”

ಅವಳು ಒರೆಸಿದಳು. ಅವನು ಮಲಗಿದ. ಒಬ್ಬೊಬ್ಬರಾಗಿ ಎಲ್ಲರೂ ಮಲಗಿದರು. ಹೆಚ್ಚಾದವರು ಒಣಗಿ ಉದುರಿದರು. ಕರು ತಡವರಿಸುತ್ತ ಎದ್ದು ತಾಯಿಯ ಕೆಚ್ಚಲು ಹುಡುಕಿತು.

ಅದಕ್ಕೇ ಇಂದಿಗೂ ತರಚಿದ ಮೊಣಕಾಲು ತುಂಬಿ, ಮೇಲೆ ಒಣಗಿದ ಹಕ್ಕಳೆ ಉದುರಿ, ತೊಗಲು ಸಮನಾದೊಡನೆ ಬೆಳೆಯುವುದು ನಿಲ್ಲುತ್ತದೆ. ಎಲ್ಲೋ ಒಮ್ಮೊಮ್ಮೆ ಬೊಟ್ಟವ್ವನ ಕೈ ನಿಲ್ಲದಿದ್ದರೆ, ಇಲ್ಲವೆ ಒರಸವ್ವನ ದಾರಿ ಕಟ್ಟಿದರೆ, ಗಡ್ಡೆ ಏಳುತ್ತದೆ. ಆಗ ವೈದ್ಯರ ಬಳಿಗೇ ಹೋಗಬೇಕು.

ಹಕ್ಕಳೆ ಕೀಳುವ ಮಗು ಕಂಡರೆ ಕೈ ಹಿಡಿದು ಈ ಕಥೆ ಹೇಳಿ. ಒಳಗೆ ಒರಸವ್ವ ಕೆಲಸದಲ್ಲಿದ್ದಾಳೆ, ಅಡ್ಡ ಬರಬೇಡ ಅನ್ನಿ.