ಗೇಣಿನೊಳಗಿನ ನೋಟ

"ಕೇಳ್ರಪ್ಪೋ ಕೇಳ್ರಿ! ರಾಜಕುಮಾರಿ ಹೇಮಾಂಬೆಯವರು ಮೂರು ಒಗಟು ಹೇಳ್ತಾರ. ಮೂರನ್ನೂ ಬಿಡಿಸಿದವರಿಗೆ ಮಹಾರಾಜರು ಕೇಳಿದ್ದು ಕೊಡ್ತಾರ, ರಾಜಕುಮಾರಿನ್ನ ಮದುವಿ ಮಾಡಿಕೊಡ್ರಿ ಅಂದರೂ ಸೈ. ತಪ್ಪು ಹೇಳಿದವರ ತಲಿ ಹುಣ್ಣಿಮಿ ದಿನ ಹೋಗತೈತಿ!" ಡಂಗುರದವನು ಹಿರೇಕೋಟೆಯ ಬೀದಿ ಬೀದಿಯಲ್ಲಿ ಸಾರಿದ.

ತಲೆಯ ಮಾತು ಮಾರಭೂಪ ಮಹಾರಾಜ ಸೇರಿಸಿದ್ದು. ಮಗಳು ಕೇಳಿದ್ದು ಒಗಟು ಹೇಳುವ ಅಪ್ಪಣೆಯಷ್ಟೇ. ಆದರೂ ಅರಮನೆಯ ಅಳಿಯನಾಗುವ ಆಸೆಗೆ ತಲೆ ಒಡ್ಡುವವರಿಗೆ ಯಾವ ಕಾಲದಲ್ಲೂ ಬರವಿಲ್ಲ ನೋಡಿ, ಮೂರೇ ದಿನದಲ್ಲಿ ಹನ್ನೊಂದು ಜನ ತಪ್ಪು ಹೇಳಿ ಸೆರೆಮನೆ ಸೇರಿದರು.

ಅದೇ ಸೆರೆಮನೆಯಲ್ಲಿ ಬಳೆಗಾರ ಗುರುಸಿದ್ದನ ತಾಯಿ ಬಾಳವ್ವನೂ ಇದ್ದಳು. ಕಣ್ಣಿಲ್ಲದವರಿಗೆ ಅರಮನೆಯಿಂದ ತಿಂಗಳಿಗೊಂದು ಚೀಲ ಜೋಳ ಸಿಗುತ್ತಿತ್ತು. ಕೊಡುವ ಮುಂಚೆ ಉಗ್ರಾಣದವರು ಮುಖದ ಮುಂದೆ ದೀಪ ಆಡಿಸುತ್ತಿದ್ದರು. ಮುಖ ದೀಪದ ಕಡೆ ತಿರುಗಿದರೆ ಮುಗಿಯಿತು, ಅವರು ಸುಳ್ಳುಗಾರರು. ಬಾಳವ್ವನ ಮುಖ ತಿರುಗಿತ್ತು. ಹುಣ್ಣಿಮೆಯ ದಿನ ಅವಳನ್ನು ಗಡಿಯಾಚೆಯ ಕಾಡಿಗೆ ಅಟ್ಟಬೇಕೆಂದು ತೀರ್ಪಾಗಿತ್ತು. ಕಾಡಿನಲ್ಲಿ ಆ ಜೀವ ಎಷ್ಟು ದಿನ ಉಳಿದೀತು? ಗುರುಸಿದ್ದನಿಗೆ ಅರಮನೆಯೂ ಬೇಕಿರಲಿಲ್ಲ, ಮದುವೆಯೂ ಬೇಕಿರಲಿಲ್ಲ. ಅವ್ವ ಬೇಕಿದ್ದಳು.

ಹುಣ್ಣಿಮೆಯ ಹಿಂದಿನ ದಿನ ಅವನು ಬಳೆಯ ಮಲಾರವನ್ನು ಹೆಗಲಿಗೇರಿಸಿಕೊಂಡೇ ಸಭೆಗೆ ಬಂದ. ಮುಂದೆ ಇನ್ನೂ ಇಬ್ಬರಿದ್ದರು. ಹೇಮಾಂಬೆ ಮೊದಲ ಒಗಟು ಹೇಳಿದಳು. "ನೆಲಕ್ಕೆ ಬಿದ್ದ ಎಳ್ಳು ಅವಳಿಗೆ ಕಾಣುತ್ತದೆ, ಪಕ್ಕದಲ್ಲಿ ನಿಂತ ಆನೆ ಕಾಣುವುದಿಲ್ಲ. ಅವಳು ಯಾರು?"

"ಇರುವೆ!" ಎಂದ ನೆರೆರಾಜ್ಯದ ಯುವರಾಜ. ಭಟರು ಎಳೆದೊಯ್ಯುವಾಗಲೂ ಅವನು ಇರುವೆಯ ಗುಣಗಳನ್ನು ವಿವರಿಸುತ್ತಲೇ ಇದ್ದ.

ಎರಡನೆಯವನು ಪಂಡಿತ. ಮೀಸೆ ಸವರಿಕೊಂಡು, "ಅಹಂಕಾರದ ಹೆಣ್ಣು" ಎಂದ. ಹೇಮಾಂಬೆಯ ಮುಖ ಬಾಡಿತು. ಪಕ್ಕದಲ್ಲಿ ನಿಂತವರನ್ನು ಮಾತಾಡಿಸದೆ ಹೋಗುತ್ತಾಳೆ, ಇಟ್ಟ ಹರಿವಾಣ ಒದೆಯುತ್ತಾಳೆ, ಮುತ್ತು ಮಾತ್ರ ಚೆನ್ನಾಗಿ ಪೋಣಿಸುತ್ತಾಳೆ ಎಂದು ಅರಮನೆಯವರು ಅವಳ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದದ್ದೂ ಅದೇ ಮಾತು. ಪಂಡಿತನೂ ಸೆರೆಮನೆಗೆ ಹೋದ.

ಗುರುಸಿದ್ದ ಕೈಮುಗಿದ. "ನಾ ಬಳಿಗಾರ್ರಿ. ಬಣ್ಣ ಆರಿಸ್ರಿ ಅಂತ ಹೆಣ್ಣಮಕ್ಕಳ ಮುಂದ ಬಳಿ ಹರವತೀನಿ. ಆವಾಗ ಯಾರ ಕಣ್ಣು ಹ್ಯಾಂಗ ಐತಿ ಅಂತ ತಿಳಿದುಬಿಡತೈತಿ. ಒಬ್ಬಾಕಿ ಎದುರಿಗಿದ್ದ ಬಳಿಯಾಗಿನ ಕೂದಲೆಳಿಯಷ್ಟು ಬಿರುಕೂ ತೋರಿಸ್ತಾಳ, ಮಗ್ಗಲದಾಗಿನ ಬುಟ್ಟಿ ಎಡವಿ ಬೀಳ್ತಾಳ. ಅಕಿ ನೋಟ ಅಂಚಿನಿಂದ ಒಳಗ ಮುದುಡಿರತೈತ್ರಿ. ಸೊಕ್ಕಲ್ಲ ಅದು."

ಹೇಮಾಂಬೆ ಸರಿಯೆಂದು ತಲೆಯಾಡಿಸಿದಳು. ಆಮೇಲೆ ಎರಡನೆಯದನ್ನು ಕೇಳಿದಳು. "ಗೋಡೆ, ಬಾಗಿಲು, ಅಂಗಳದ ಮರ ಎಲ್ಲ ಕಾಣುತ್ತದೆ. ಮಡಿಲಿನ ಕೂಸಿನ ಮುಖ ಕಾಣದು. ಕೂಸನ್ನು ನೋಡಬೇಕಾದರೆ ಬೇರೆಲ್ಲೋ ನೋಡಬೇಕು. ಇವಳು ಯಾರು?"

"ನಮ್ಮ ಮೂಲಿಮನಿ ಗಂಗಕ್ಕನ್ರಿ!" ಎಂದುಬಿಟ್ಟ ಗುರುಸಿದ್ದ. ಸಭೆ ನಕ್ಕಿತು. ಅವನು ನಗಲಿಲ್ಲ. "ನೋಟದ ನಟ್ಟನಡುವ ಕರಿ ಕಲಿ ಬಿದ್ದೈತಿ. ಎಲ್ಲಿ ನೆಟ್ಟು ನೋಡ್ತಾಳೋ ಅಲ್ಲೇ ಮಬ್ಬು. ಅದಕ್ಕ ಓರೆಗಣ್ಣಿಲೆ ನೋಡ್ತಾಳ. ಮಂದಿ ಕಳ್ಳನೋಟ ಅಂತಾರ, ಪಾಪ."

"ಇನ್ನು ಕೊನೆಯದು" ಎಂದಳು ಹೇಮಾಂಬೆ. "ಪೂರ್ತಿ ಕತ್ತಲೆಯಲ್ಲಿರುವವರು ಕೆಲವರೇ. ಮಬ್ಬಿನಲ್ಲಿರುವವರು ಬಹಳ, ಒಬ್ಬರ ಮಬ್ಬು ಇನ್ನೊಬ್ಬರದಂತಿಲ್ಲ. ಹಾಗಿರುವಾಗ ಅರಸನಾದವನು ಎಲ್ಲಿ ಗೆರೆ ಎಳೆದು, ಇವರು ಕಣ್ಣಿಲ್ಲದವರು, ಇವರನ್ನು ನಾನು ನೋಡಿಕೊಳ್ಳಬೇಕು ಎನ್ನಬೇಕು?"

ತಪ್ಪಿದರೆ ನಾಳೆ ಮಗನಿಗೆ ಕತ್ತಿ, ತಾಯಿಗೆ ಕಾಡು. ಗುರುಸಿದ್ದ ತನಗೆ ಗೊತ್ತಿದ್ದ ಒಂದೇ ಕೆಲಸವನ್ನು ನೆನೆದ. ಓಣಿಯ ಬಾಯಲ್ಲಿ ನಿಂತು ಬಳೆ ಎತ್ತಿ ತೋರಿಸಿದರೆ ಕೆಲವರು ಅಲ್ಲಿಂದಲೇ ಎಷ್ಟು ಬಳೆ ಎಂದು ಹೇಳುತ್ತಾರೆ, ಕೆಲವರು ಹತ್ತಿರ ಹತ್ತಿರ ನಡೆದು ಬರುತ್ತಾರೆ. ಅವನು ಅಪ್ಪಣೆ ಕೇಳಿ, ಬಾಗಿಲ ಭಟನಿಂದ ಕೈ ಚಾಚಿ ಹತ್ತು ಮಾರು ಅಳೆದು, ಅಲ್ಲಿ ನಿಂತು ಎಷ್ಟು ಎಂದು ಬಳೆ ಎತ್ತಿದ.

"ಮೂರು" ಎಂದ ಭಟ.

"ಚಲೋ ಕಣ್ಣು ಹತ್ತು ಮಾರಿನಿಂದ ಕಾಣೂದನ್ನ ಒಂದ ಮಾರಿಗೆ ಬಂದು ನೋಡೋರು ಅದಾರ್ರಿ. ಗೆರಿ ಅಲ್ಲಿ ಎಳೀರಿ." ಗುರುಸಿದ್ದ ತೋಳು ಚಾಚಿ ಬೆರಳು ಅಗಲಿಸಿದ. "ಇನ್ನ ಕೆಲವರಿಗೆ ದೂರದ್ದೂ ಕಾಣತೈತಿ, ಖರೆ ಈ ಗೇಣಿನೊಳಗ ಹಿಡಿಯೂವಷ್ಟ. ಅವರೂ ಗೆರಿ ಆಚೀಗೇ, ಕಣ್ಣಿಲ್ಲದವರ ಸಾಲಿನಾಗ. ನಮ್ಮವ್ವಗ ಎಳ್ಳೂ ಕಾಣಂಗಿಲ್ಲ, ಆನಿನೂ ಕಾಣಂಗಿಲ್ಲ. ಬೆಳಕು ಬಂತು ಅನ್ನೂದಷ್ಟ ತಿಳಿತೈತಿ. ಆ ಗೆರಿಯಿಂದ ಅಕಿ ಎಷ್ಟು ದೂರ ಅದಾಳ, ನೀವ ಹೇಳ್ರಿ."

ಹೇಮಾಂಬೆ ತನ್ನ ತೋಳು ಚಾಚಿ, ಗೇಣು ಅಗಲಿಸಿ, ಅದರೊಳಗಿಂದ ತಂದೆಯನ್ನು ನೋಡಿದಳು. ಅವಳಿಗೆ ನಗುವೂ ಬಂತು, ಅಳುವೂ ಬಂತು. "ಅಪ್ಪಾಜಿ, ನನಗೆ ಕಾಣುವುದು ಇಷ್ಟೇ. ಎರಡು ವರ್ಷದಿಂದ ಹೇಳುತ್ತಿದ್ದೇನೆ. ಮುತ್ತು ಪೋಣಿಸುವವಳ ಕಣ್ಣಿಗೇನಾಗಿದೆ ಎಂದಿರಿ. ನೇರವಾಗಿ ಹೇಳಿದರೆ ಯಾರೂ ಕೇಳಲಿಲ್ಲ, ಅದಕ್ಕೇ ಒಗಟು ಹೇಳಿದೆ." ಅವಳು ಬಳೆಗಾರನಿಗೆ ಕೈಮುಗಿದಳು. "ನನ್ನ ಕಷ್ಟಕ್ಕೆ ಅಳತೆ ಕೊಟ್ಟೆ. ನಿನ್ನ ಉಪಕಾರ ಮರೆಯುವುದಿಲ್ಲ."

ಮಹಾರಾಜನ ತಲೆ ತಗ್ಗಿತು. "ಏನು ಬೇಕು ಕೇಳಪ್ಪ" ಎಂದ.

"ಅವ್ವ ಬೇಕ್ರಿ. ಆ ಹದಿಮೂರು ಮಂದಿ ತಲಿನೂ ಬಿಟ್ಟುಬಿಡ್ರಿ. ತಗೊಂಡರ ನಿಮಗರ ಏನು ಉಪಯೋಗ?"

ಮಹಾರಾಜ ಹದಿಮೂರು ಜನರನ್ನೂ ಮನ್ನಿಸಿ, ದೀಪದ ಪರೀಕ್ಷೆಯನ್ನು ಆ ಕ್ಷಣವೇ ನಿಲ್ಲಿಸಿ, ನಾಡಿನವರ ನೋಟ ಅಳೆಯುವ ಅಧಿಕಾರವನ್ನು ಗುರುಸಿದ್ದನಿಗೇ ಕೊಟ್ಟ. ಮದುವೆ ಏನಾಯಿತು ಎನ್ನುತ್ತೀರಾ? ಆಯಿತು, ಮರುವರ್ಷ, ಹೇಮಾಂಬೆಯೇ ಬಾಯಿಬಿಟ್ಟು ಕೇಳಿದ ಮೇಲೆ. ಆದರೆ ನನಗೆ ಹೇಳಬೇಕಾದ್ದು ಆ ಸಂಜೆಯ ಮಾತು. ಸೆರೆಮನೆಯ ಬಾಗಿಲು ತೆರೆಸಿ ಮಹಾರಾಜ ತಾನೇ ಒಳಗೆ ಹೋಗಿ ಬಾಳವ್ವನಿಗೆ ತೋಳು ಕೊಟ್ಟ.

"ಯಾರಪಾ ನೀ?" ಎಂದಳು ಬಾಳವ್ವ.

"ನಿನ್ನನ್ನು ಸುಳ್ಳುಗಾರ್ತಿ ಎಂದವನು, ತಾಯಿ. ಈಗ ನಂಬಿದ್ದೇನೆ."

ಬಾಳವ್ವ ಆ ತೋಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. "ನಂಬಿದಿಯಲ್ಲಪಾ, ಅಷ್ಟ ಸಾಕು. ನಿನ್ನ ಹೊಟ್ಟಿ ತಣ್ಣಗಿರಲಿ. ಮೆಟ್ಟಲ ಅದಾವ, ಹುಷಾರಾಗಿ ಇಳಿ."