ಚಂದಪ್ಪನ ಕೆನ್ನೆಗೆ ಕರಕಲು ಮಂಡಕ್ಕಿ

ಅಜ್ಜಿ ಊರಿಗೆ ಹೋಗಿದ್ದಾಳೆ ನೋಡು ಗಿಣಿ, ಹಂಗಾಗಿ ಇವತ್ತು ನಾನೇ ನಿನ್ನ ಅಜ್ಜಿ. ಮೀಸೆ ಇರೋ ಅಜ್ಜಿ. ಕತೆ ಹೇಳೋದ್ರಲ್ಲಿ ನಿನ್ನ ಮಾವನ್ನ ಮೀರಿಸೋರು ಏಳು ಸಮುದ್ರದ ಆಚೆಗೂ ಇಲ್ಲ. ನಾನು ಶುರು ಮಾಡಿದರೆ ಗೋಡೆ ಮೇಲಿನ ಹಲ್ಲಿ ಕೂಡ ಬಾಲ ಮಡಚಿಕೊಂಡು ಕೇಳುತ್ತೆ. ಹೊದ್ದುಕೋ.

ಒಂದಾನೊಂದು ಕಾಲದಲ್ಲಿ, ಆಕಾಶ ಇನ್ನೂ ನಮ್ಮ ಅಟ್ಟದಷ್ಟೇ ಎತ್ತರದಲ್ಲಿದ್ದಾಗ, ಕೆರೆ ದಂಡೆ ಮೇಲೆ ಕೊಟ್ರವ್ವ ಅನ್ನೋಳು ಮಂಡಕ್ಕಿ ಭಟ್ಟಿ ಇಟ್ಟಿದ್ದಳಂತೆ. ನಮ್ಮ ವಂಶದೋಳೇ, ಅದಕ್ಕೇ ನನಗೆ ಇಷ್ಟು ಬುದ್ಧಿ. ಬಾಣಲೆ ತುಂಬ ಮರಳು ಕಾಯಿಸಿ, ಉಪ್ಪುನೀರು ಕುಡಿದು ಒಣಗಿದ ಅಕ್ಕಿ ಸುರಿದು ಕೈಯಾಡಿಸಿದರೆ, ಪಟಪಟ ಅಂತ ಮಲ್ಲಿಗೆ ಬಿರಿದ ಹಂಗೆ ಅರಳೋದಂತೆ. ಆ ಒಲೆ ಅವಳ ಅತ್ತೆ ಹಚ್ಚಿದ್ದು, ಹಚ್ಚಿದಾಗಿನಿಂದ ಆರಿದ್ದೇ ಇಲ್ಲವಂತೆ. ಆದರೆ ಕೊಟ್ರವ್ವನ ಕೈ ಬಾಣಲೆಯಲ್ಲಿದ್ದರೆ ಮನಸ್ಸು ಸಂತೆಯಲ್ಲಿ. ಪಕ್ಕದ ಭಟ್ಟಿಗೆ ಯಾರು ಬಂದರು, ನಾಳೆಗೆ ಸೌದೆ ಎಲ್ಲಿಂದ, ಜರಡಿ ಯಾರು ಒಯ್ದರು ಅಂತ ಯೋಚಿಸೋದ್ರೊಳಗೆ ಮಂಡಕ್ಕಿ ಕರಕಲು. ಆಮೇಲೆ ಗಿರಾಕಿಗಳು, ಏನವ್ವಾ, ಇದ್ದಿಲು ಮಾರೋಕೆ ಶುರು ಮಾಡಿದ್ಯಾ ಅಂತ ಗೇಲಿ ಮಾಡಿ ಪಕ್ಕದ ಭಟ್ಟಿಗೆ ಹೋದರಂತೆ. ಹಿಂಗೇ ಆದರೆ ಅತ್ತೆ ಹಚ್ಚಿದ ಒಲೆಗೆ ನನ್ನ ಕೈಯಾರೆ ನೀರು ಹಾಕಬೇಕಲ್ಲಾ ಅಂತ ಕೊಟ್ರವ್ವ ಗಳಗಳ ಅತ್ತಳಂತೆ.

ಆಮೇಲೆ ಯಾರೋ ಧ್ಯಾನ ಮಾಡು ಅಂದರಂತೆ. ಮೊದಲನೇ ಸಲ ಗುಡ್ಡ ಹತ್ತಿ ಕೂತಳು. ಮನಸ್ಸು ಗುಡ್ಡ ಇಳಿದು ಭಟ್ಟಿಗೆ ಓಡಿತು. ಎರಡನೇ ಸಲ ಬಾಣಲೆ ಮುಂದೆಯೇ ಕಣ್ಣು ಮುಚ್ಚಿದಳು. ಒಲೆ ಶಾಖಕ್ಕೆ ಗೊರಕೆ ಬಂತು, ಬಾಣಲೆ ಪೂರ್ತಿ ಕಪ್ಪಾಯ್ತು. ಮೂರನೇ ಸಲ ಕೆರೆ ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ಕೂತಾಗ, ಒಂಟಿ ಕಾಲಲ್ಲಿ ನಿಂತಿದ್ದ ಮುದಿ ಕೊಕ್ಕರೆ, ಕಣ್ಣು ಯಾಕವ್ವಾ ಮುಚ್ಚುತ್ತೀ ಅಂತ ಕೇಳಿತಂತೆ.

ಕೊಕ್ಕರೆ ಮಾತಾಡುತ್ತಾ ಮಾವ?

ನಮ್ಮೂರಿಂದು ಮಾತಾಡುತ್ತೆ. ಬೇರೆ ಊರಿಂದು ಇನ್ನೂ ಕಲಿತಿಲ್ಲ.

ಆ ಕೊಕ್ಕರೆ ಹೇಳಿತಂತೆ, ನನ್ನದೂ ನಿನ್ನ ಹಂಗೇ ಸಣ್ಣ ವ್ಯಾಪಾರ, ಮೀನಿಂದು. ಜನ ನನ್ನದು ಕಳ್ಳ ಧ್ಯಾನ ಅಂತಾರೆ, ಅನ್ನಲಿ. ಅದರಲ್ಲೇ ಮೂರು ಮರಿ ಸಾಕಿದ್ದೀನಿ. ಕಣ್ಣು ತೆರೆದೇ ಇಡು. ಉಸಿರು ಒಳಗೆ ಹೋಗೋದು ನೋಡು, ಹೊರಗೆ ಬರೋದು ನೋಡು, ಎದುರಿಗಿರೋದನ್ನ ನೋಡು. ಮನಸ್ಸು ಓಡುತ್ತೆ, ನನ್ನದೂ ಓಡುತ್ತೆ. ಬೈಬೇಡ. ಓಣೀಲಿ ಆಡೋ ಮಗೂನ ಉಣ್ಣೋಕೆ ಕರೀತೀಯಲ್ಲ, ಹಂಗೆ ಕರಿ.

ಆಮೇಲೆ ಕೊಟ್ರವ್ವ, ಉಸಿರು ಒಳಗೆ ಬಂದಾಗ ಅಕ್ಕಿ ಸುರಿದು, ಹೊರಗೆ ಹೋದಾಗ ಕೈಯಾಡಿಸಿ, ಪಟಪಟ ಅನ್ನೋದನ್ನೇ ಕೇಳ್ತಾ, ಮನಸ್ಸು ಸಂತೆಗೆ ಹೊರಟರೆ ಬಾರೋ ಮರಿ ಅಂತ ಕರೀತಾ ಕರೀತಾ ಹುರಿದರೆ, ಮಂಡಕ್ಕಿ ಹಾಲಿನ ಹಂಗೆ ಬೆಳ್ಳಗಾಯಿತಂತೆ. ಎಷ್ಟು ಹಗುರ ಅಂದರೆ, ಮೂಟೇನ ಹಗ್ಗ ಹಾಕಿ ಕಂಬಕ್ಕೆ ಕಟ್ಟದಿದ್ದರೆ ತೇಲಿ ಹೋಗೋದಂತೆ! ಹಂಗೆ ತೇಲಿದ ಒಂದು ಮೂಟೆ ಆಕಾಶದಲ್ಲಿರೋ ಚಂದಪ್ಪನ ಅವ್ವನ ಅಂಗಳಕ್ಕೆ ಬಿತ್ತಂತೆ. ಅವಳು ರುಚಿ ನೋಡಿ ಕೆಳಗಿಳಿದು ಬಂದು, ನನ್ನ ಮಗನ ಮದುವೆಗೆ ಮೂರು ಮೂಟೆ ಬೇಕು, ಒಂದೇ ಒಂದು ಕರಕಲು ಸಿಕ್ಕಿದರೂ ಎಲ್ಲಾ ವಾಪಸ್ಸು ಅಂದಳಂತೆ. ಮದುವೆ ಮನೆಯಿಂದ ವಾಪಸ್ ಬಂದ ಮಂಡಕ್ಕೀನ ಊರಲ್ಲಿ ಯಾರು ಮುಟ್ಟುತ್ತಾರೆ ಹೇಳು? ಒಲೆ ಆರಿದ ಹಂಗೇ ಲೆಕ್ಕ.

ಮೊದಲನೇ ಮೂಟೆ ಹುರಿಯುವಾಗ ಪಕ್ಕದ ಭಟ್ಟಿ ಸಣ್ಣೀರಪ್ಪ, ನಿನ್ನ ಮರಳು ಮುದಿಯಾಯ್ತು ಕಣೇ, ನಿನ್ನ ಹಂಗೇ, ಅಂತ ಕೆಣಕಿದನಂತೆ. ಮನಸ್ಸು ಜಗಳಕ್ಕೆ ಹೊರಟಿತು. ಬಾರೋ ಮರಿ ಅಂದಳು, ಗೊಣಗುತ್ತಾ ಬಂತು. ಎರಡನೇದಕ್ಕೆ, ನಿನ್ನ ಸೌದೆ ಗಾಡಿ ಕೆರೆಗೆ ಬಿತ್ತು ಅಂತ ಯಾರೋ ಕೂಗಿದರು. ಮನಸ್ಸು ಓಡಿತು, ಕರೆದಳು, ಒದ್ದೆ ಕಾಲಲ್ಲೇ ಬಂತು. ಮೂರನೇದಕ್ಕೆ ಊರೆಲ್ಲ ಬಂದು ನಿಂತು, ಆಹಾ, ಇಂಥಾ ಕೈ ಯಾರಿಗಿದೆ ಅಂತ ಹೊಗಳಿದರಂತೆ. ಆಗ ಮನಸ್ಸು ಸೂರು ಹತ್ತಿ ರುಮಾಲು ಸರಿಮಾಡಿಕೊಂಡು ಕೂತುಬಿಟ್ಟಿತು. ಕರೆದಳು. ಬಂತು, ಆದರೆ ನಿಧಾನಕ್ಕೆ ಬಂತು. ಅಷ್ಟರಲ್ಲಿ ಒಂದು ಕಾಳು ಕರಕಲಾಗಿ ಬಿಳೀ ರಾಶಿಯೊಳಗೆ ಸೇರಿಕೊಂಡಿತಂತೆ. ಹುಡುಕಿದರೆ ಸಿಗಲಿಲ್ಲ, ಮೋಡದ ಗಾಡಿ ಬಾಗಿಲಿಗೆ ಬಂತು, ಮೂಟೆಗಳ ಜೊತೆ ಅವಳೂ ಹತ್ತಿದಳು.

ಮದುವೆ ಚಪ್ಪರದಲ್ಲಿ ಚಂದಪ್ಪನ ಅವ್ವ ಮೂಟೆಗೆ ಕೈ ಹಾಕಿದಳು ನೋಡು, ಅದೇ ಕಾಳು ಕೈಗೆ ಬಂತು! ಕೊಟ್ರವ್ವ ಉಸಿರು ಎಳೆದುಕೊಂಡು, ಬಿಟ್ಟು, ನನ್ನದೇ ತಾಯೀ, ಹೊಗಳಿದರು, ಮನಸ್ಸು ಸೂರು ಹತ್ತಿತ್ತು, ಇಳಿಯೋದು ತಡವಾಯ್ತು ಅಂದಳಂತೆ.

ಆ ಅವ್ವ ಕಾಳನ್ನೇ ನೋಡ್ತಾ ನೋಡ್ತಾ ನಕ್ಕುಬಿಟ್ಟಳಂತೆ. ಅಯ್ಯೋ ತಂಗೀ, ನನ್ನ ಮಗ ಇಷ್ಟು ಬೆಳ್ಳಗಿದ್ದಾನೆ, ದೃಷ್ಟಿಬೊಟ್ಟು ಇಡೋಣ ಅಂದರೆ ಬೆಳಗಿಂದ ಇಡೀ ಆಕಾಶ ಹುಡುಕಿದರೂ ಚೂರು ಕಪ್ಪು ಸಿಕ್ಕಿಲ್ಲ!

ಆಕಾಶ ಕಪ್ಪಲ್ವಾ ಮಾವ?

ಆಗಿನ್ನೂ ಆಗಿರಲಿಲ್ಲ ಕಣೇ. ಕೊಟ್ರವ್ವನ ಒಲೆ ಹೊಗೆ ಹೋಗಿದ್ದು ಆಮೇಲೆ.

ಆಮೇಲೆ ಆ ಕಾಳನ್ನ ಬೆರಳಲ್ಲಿ ಅರೆದು ಮದುಮಗನ ಕೆನ್ನೆಗೆ ಇಟ್ಟಳಂತೆ, ಮಿಕ್ಕ ಮಂಡಕ್ಕಿಯನ್ನೆಲ್ಲ ಮದುಮಕ್ಕಳ ತಲೆ ಮೇಲೆ ಎರಚಿದರಂತೆ, ಅದನ್ನ ಇವತ್ತಿಗೂ ಯಾರೂ ಗುಡಿಸಿಲ್ಲ. ಕಿಟಕೀಲಿ ನೋಡು ಬೇಕಾದರೆ. ಅತ್ತೆಯ ಒಲೆ ಆರಲೇ ಇಲ್ಲ, ಆಕಾಶದ ಗಿರಾಕಿ ತಪ್ಪಲೇ ಇಲ್ಲ, ಕೊಟ್ರವ್ವ ಉಸಿರು ಒಳಗೆ, ಉಸಿರು ಹೊರಗೆ, ಇನ್ನೂ ಹುರೀತಾನೇ ಇದ್ದಾಳಂತೆ...

ಗಿಣೀ? ನಿದ್ದೆ ಬಂತಾ? ಹಲ್ಲೀನೂ ಮಲಗಿತು. ಸರಿ, ಬಾಣಲೆ ಇಳೀತು, ಕತೆ ಅರಳಿತು, ಬಾರೋ ಮರಿ, ಮಲಗೋಣ.